ಕಾರು ಇನ್ಶೂರೆನ್ಸ್‌ಗೆ ಊರಿನ ಮನೆ ವಿಳಾಸದ ಪ್ರೂಫ್: ಕರೆಂಟ್ ಬಿಲ್ ಅಜ್ಜನ ಹೆಸರಲ್ಲಿ, ಆಧಾರ್ ಬೆಂಗಳೂರಿನದು, ಏನು ಕೊಡಬೇಕು?

ತೋಟದಮನೆ_ಪೊನ್ನಂಪೇಟೆ:

ಕೆಎ-05 ಕಾರು, ಆರ್‌ಸಿ ನನ್ನ ಹೆಸರಲ್ಲೇ ಇದೆ, ಸಾಲ ಇಲ್ಲ. ವಾಸ ಈಗ ಪೊನ್ನಂಪೇಟೆ ತಾಲೂಕಿನ ಕುಟುಂಬದ ಮನೆಯಲ್ಲಿ, ಇನ್ನು ಮುಂದೆ ಕಾಯಂ ಇಲ್ಲೇ. ಪಾಲಿಸಿ ಮುಗಿಯಲು ಮೂರು ವಾರ ಬಾಕಿ. ಈ ಸಲ ಬೇರೆ ಕಂಪನಿಯಲ್ಲಿ ಮಾಡಿಸೋಣ ಅಂತ ಆನ್‌ಲೈನ್‌ನಲ್ಲಿ ಪ್ಯಾನ್ ನಂಬರ್, ಹುಟ್ಟಿದ ದಿನಾಂಕ ಹಾಕಿದರೆ ಬೆಂಗಳೂರಿನ ಹಳೇ ಬಾಡಿಗೆ ಮನೆ ವಿಳಾಸ ತಾನಾಗೇ ಬಂದು ಕೂರುತ್ತದೆ. ಅದನ್ನು ತೆಗೆದು ಊರಿನ ವಿಳಾಸ ಹಾಕಿದರೆ ಪ್ರೂಫ್ ಅಪ್‌ಲೋಡ್ ಮಾಡಿ ಅನ್ನುತ್ತದೆ.

ಕೈಯಲ್ಲಿರುವ ಕಾಗದ: ಆಧಾರ್ (ಬೆಂಗಳೂರು ವಿಳಾಸ). ಡ್ರೈವಿಂಗ್ ಲೈಸೆನ್ಸ್, ಅವಧಿ ಇನ್ನೂ ಇದೆ, ಊರಿನ ವಿಳಾಸವೇ ಇದೆ, ಆದರೆ ವಿರಾಜಪೇಟೆ ತಾಲೂಕು ಅಂತಿದೆ. ಒಕ್ಕದ (ಮನೆತನದ) ಹೆಸರು ಒಂದೇ ಅಕ್ಷರಕ್ಕೆ ಮೊಟಕಾಗಿದೆ, ಪ್ಯಾನ್‌ನಲ್ಲಿ ಪೂರ್ತಿ ಇದೆ. ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಲ್ಲಿ. ಪಂಚಾಯ್ತಿ ಮನೆ ಕಂದಾಯದ ರಶೀದಿ ಅಪ್ಪನ ಹೆಸರಲ್ಲಿ. ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರು ಮೊದಲು, ಆಮೇಲೆ ಕುಟುಂಬದ ಎಲ್ಲರದು, ಅದರಲ್ಲಿ ನನ್ನದೂ ಇದೆ. ಮನೆಗೆ ನಂಬರ್ ಇಲ್ಲ, ಮನೆ ಹೆಸರೇ ವಿಳಾಸ.

ಇದರಲ್ಲಿ ಯಾವುದು ನಡೆಯುತ್ತದೆ? ವಿಳಾಸ ಬದಲಾದರೆ ಪ್ರೀಮಿಯಂ ಬದಲಾಗುತ್ತದೆಯೇ? ಆರ್‌ಸಿಯಲ್ಲಿ ಬೆಂಗಳೂರು, ಪಾಲಿಸಿಯಲ್ಲಿ ಕೊಡಗು ಅಂತಿದ್ದರೆ ಕ್ಲೇಮ್ ವೇಳೆ ತಕರಾರು ಬರುತ್ತದೆಯೇ?

---

ಪಾಲಿಸಿ_ಮೇಜು_ವಿರಾಜಪೇಟೆ:

ನೀವು ಹೇಳಿದ ಪಟ್ಟಿಯಲ್ಲಿ ವಿಳಾಸಕ್ಕೆ ನಡೆಯುವುದು ಡ್ರೈವಿಂಗ್ ಲೈಸೆನ್ಸ್ ಒಂದೇ ಸರ್, ಮತ್ತು ಅದೊಂದೇ ಸಾಕು. ಪಹಣಿ ಕೊಡಲೇಬೇಡಿ. ಅದು ಜಮೀನಿನ ದಾಖಲೆ. ಜಾಗ ಯಾರದು ಅನ್ನುತ್ತದೆ, ಅಲ್ಲಿ ಯಾರು ವಾಸ ಇದ್ದಾರೆ ಅನ್ನುವುದಿಲ್ಲ. ನಿಮ್ಮ ಹೆಸರು ಅದರಲ್ಲಿದ್ದರೂ ವಿಳಾಸದ ಪ್ರೂಫ್ ಆಗುವುದಿಲ್ಲ.

ನಿಯಮ ಹೀಗಿದೆ. 2023ರ ಜನವರಿ 1ರಿಂದ ಯಾವ ಇನ್ಶೂರೆನ್ಸ್ ಪಾಲಿಸಿ ಮಾಡಿಸಿದರೂ ಕೆವೈಸಿ, ಅಂದರೆ ಗ್ರಾಹಕರ ಗುರುತು ಮತ್ತು ವಿಳಾಸದ ಪರಿಶೀಲನೆ, ಕಡ್ಡಾಯ. ಅದಕ್ಕೆ ಮುಂಚೆ ವಾಹನದ ಪಾಲಿಸಿಗೆ ಕ್ಲೇಮ್ ಮೊತ್ತ 1 ಲಕ್ಷ ದಾಟಿದಾಗ ಮಾತ್ರ ಕೇಳುತ್ತಿದ್ದರು, ಹಾಗಾಗಿ ಹಳಬರಿಗೆ ಇದು ಹೊಸ ಕಿರಿಕಿರಿ ಅನ್ನಿಸುತ್ತದೆ. ಅಧಿಕೃತವಾಗಿ ಒಪ್ಪುವ ದಾಖಲೆಗಳು ಆರೇ: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡ್, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಹಾಕಿದ ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ, ಆಧಾರ್. ಪ್ಯಾನ್ ಕಾರ್ಡಿನಲ್ಲಿ ವಿಳಾಸವೇ ಇರುವುದಿಲ್ಲ, ಅದು ತೆರಿಗೆಗೆ ಮಾತ್ರ. ಪ್ಯಾನ್ ಇಲ್ಲದವರು ಅದರ ಬದಲಿಗೆ ನಿಗದಿತ ಘೋಷಣೆ ಫಾರಂ ಕೊಡಬೇಕು.

ಈ ಆರರಲ್ಲಿ ಯಾವುದರಲ್ಲೂ ಈಗಿನ ವಿಳಾಸ ಇಲ್ಲದಿದ್ದರೆ ಮಾತ್ರ ಎರಡನೇ ಸಾಲಿನ ಕಾಗದಗಳಿಗೆ ಬರಬೇಕು: ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್, ನೀರು, ಫೋನ್ ಅಥವಾ ಪೈಪ್ ಗ್ಯಾಸ್ ಬಿಲ್, ಆಸ್ತಿ ತೆರಿಗೆ ರಶೀದಿ, ಸರ್ಕಾರಿ ನೌಕರರ ಪಿಂಚಣಿ ಆದೇಶ, ಸರ್ಕಾರ, ಬ್ಯಾಂಕ್ ಅಥವಾ ಷೇರುಪೇಟೆಯಲ್ಲಿರುವ ಕಂಪನಿ ಕೊಟ್ಟ ವಸತಿ ಹಂಚಿಕೆ ಪತ್ರ. ಇವು ತಾತ್ಕಾಲಿಕ. ಇದನ್ನು ಕೊಟ್ಟವರು ಮೂರು ತಿಂಗಳೊಳಗೆ ಮೇಲಿನ ಆರರಲ್ಲಿ ಒಂದನ್ನು ಹೊಸ ವಿಳಾಸದೊಂದಿಗೆ ತಂದು ಕೊಡಬೇಕು. ಇದರಲ್ಲೂ ಬಿಲ್ ನಿಮ್ಮ ಹೆಸರಲ್ಲೇ ಇರಬೇಕು, ಅಜ್ಜನ ಹೆಸರಿನ ಬಿಲ್ ಅಲ್ಲೇ ನಿಂತುಬಿಡುತ್ತದೆ. ಗೃಹಜ್ಯೋತಿಯ ಶೂನ್ಯ ಬಿಲ್ ಕೂಡ ಬಿಲ್ಲೇ, ಅದರಿಂದ ತೊಂದರೆ ಇಲ್ಲ. ಮಾಮೂಲಿ ಬಾಡಿಗೆ ಕರಾರು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇದು ತಿಳಿಯದೆ ಬಹಳ ಜನ ಸ್ಟಾಂಪ್ ಪೇಪರಿಗೆ ಸುಮ್ಮನೆ ದುಡ್ಡು ಹಾಕುತ್ತಾರೆ.

ಪ್ಯಾನ್ ಹಾಕಿದ ಕೂಡಲೇ ಬಂದದ್ದು ಸಿಕೆವೈಸಿ, ಅಂದರೆ ಕೇಂದ್ರ ಕೆವೈಸಿ ದಾಖಲೆ. ನೀವು ಯಾವಾಗಲೋ ಬ್ಯಾಂಕಿನಲ್ಲೋ ಮ್ಯೂಚುಯಲ್ ಫಂಡಿನಲ್ಲೋ ಕೊಟ್ಟ ವಿಳಾಸ 14 ಅಂಕಿಯ ನಂಬರಿನಡಿ ಅಲ್ಲಿ ಕೂತಿರುತ್ತದೆ. ಅವಸರದಲ್ಲಿ ‘ಸರಿ’ ಒತ್ತಿದರೆ ಪಾಲಿಸಿ ಬೆಂಗಳೂರು ವಿಳಾಸಕ್ಕೇ ಬರುತ್ತದೆ. ‘ವಿಳಾಸ ಬದಲಾಗಿದೆ’ ಅಥವಾ ‘ಬೇರೆ ದಾಖಲೆ ಕೊಡುತ್ತೇನೆ’ ಅನ್ನುವ ದಾರಿ ಹಿಡಿಯಿರಿ. ಆ ಫಾರಂನಲ್ಲಿ ಗುರುತಿನ ದಾಖಲೆ ಬೇರೆ, ವಿಳಾಸದ ದಾಖಲೆ ಬೇರೆ. ಗುರುತಿಗೆ ಆಧಾರ್, ವಿಳಾಸಕ್ಕೆ ಡಿಎಲ್ ಕೊಟ್ಟರೆ ತಪ್ಪಿಲ್ಲ. ಆನ್‌ಲೈನ್‌ನಲ್ಲಿ ಒಂದೇ ದಾಖಲೆಗೆ ಜಾಗ ಇದ್ದರೆ ಕಂಪನಿಯ ಶಾಖೆಗೋ ಏಜೆಂಟರಿಗೋ ಕಾಗದದ ಫಾರಂ ಕೊಡಿ. ಅಲ್ಲಿ ಕಾಯಂ ವಿಳಾಸ ಮತ್ತು ಪತ್ರ ಬರಬೇಕಾದ ವಿಳಾಸ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.

ನಿಮ್ಮ ನಿಜವಾದ ತೊಡಕು ತಾಲೂಕಲ್ಲ, ಹೆಸರು. ಕಂಪ್ಯೂಟರ್ ಪ್ಯಾನಿನ ಹೆಸರನ್ನೂ ಡಿಎಲ್ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಂದರಲ್ಲಿ ಒಕ್ಕದ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಅಂದರೆ ಹೊಂದಾಣಿಕೆ ಆಗಲಿಲ್ಲ ಅಂತ ತಿರಸ್ಕರಿಸುವುದುಂಟು. ಕೊಡಗಿನ ಅರ್ಜಿಗಳು ಹೆಚ್ಚಾಗಿ ವಾಪಸ್ ಬರುವುದೇ ಇದರಿಂದ. ಆಧಾರ್‌ನಲ್ಲಿ ಹೆಸರು ಪ್ಯಾನಿನಂತೆಯೇ ಇದ್ದರೆ ಆ ಎರಡನ್ನು ಗುರುತಿಗೆ ಜೋಡಿಸಿ, ಡಿಎಲ್ ಜತೆ ‘ಈ ಎರಡೂ ಹೆಸರು ನನ್ನದೇ’ ಎಂದು ಒಂದು ಸ್ವಯಂ ಘೋಷಣೆ ಸಹಿ ಮಾಡಿ ಕೊಡಿ. ಅದನ್ನು ಮನುಷ್ಯರು ಕೂತು ನೋಡಬೇಕಾದ್ದರಿಂದ ಒಂದೆರಡು ದಿನ ಹೆಚ್ಚು ಹಿಡಿಯಬಹುದು.

ಇನ್ನೊಂದು ದಾರಿ ಇದೆ. ಕಂಪನಿಗೆ ಆಧಾರ್ ದೃಢೀಕರಣ ನೇರವಾಗಿ ಮಾಡಲು ಅನುಮತಿ ಇದ್ದು, ನೀವು ಒಟಿಪಿ ಕೊಟ್ಟು ಇ-ಕೆವೈಸಿ ಮಾಡಿದರೆ, ಆಧಾರ್‌ನಲ್ಲಿ ಇರುವುದಕ್ಕಿಂತ ಬೇರೆಯಾದ ಈಗಿನ ವಿಳಾಸವನ್ನು ಸ್ವಯಂ ಘೋಷಣೆ ಮೇಲೆ ಕೊಡಲು ನಿಯಮದಲ್ಲೇ ಅವಕಾಶ ಇದೆ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ‘ಆಧಾರ್ ಇ-ಕೆವೈಸಿ, ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆ’ ಅಂತ ಸ್ಪಷ್ಟವಾಗಿ ಕೇಳಿ. ಆಧಾರ್ ಜೆರಾಕ್ಸ್ ಕೊಟ್ಟು ಮಾಡಿಸುವವರಿಗೆ ಈ ಸೌಲಭ್ಯ ಇಲ್ಲ.

ಅಪ್‌ಲೋಡ್ ವಿಷಯ. ಡಿಎಲ್‌ನ ಎರಡೂ ಬದಿ, ನಾಲ್ಕೂ ಮೂಲೆ ಕಾಣಬೇಕು. ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು ಕಿಟಕಿ ಬೆಳಕಲ್ಲಿ ತೆಗೆಯಿರಿ, ಫ್ಲ್ಯಾಷ್ ಹಾಕಿದರೆ ವಿಳಾಸದ ಸಾಲಿನ ಮೇಲೇ ಬಿಳಿ ಚುಕ್ಕೆ ಬೀಳುತ್ತದೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ, ತೆಗೆಯದೆ ಹಾಕಿದರೆ ಅವರ ಕಡೆ ತೆರೆಯುವುದೇ ಇಲ್ಲ. ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಇನಿಷಿಯಲ್ ಇರುವವರು ಗಮನಿಸಿ: ಚುಕ್ಕೆಯೂ ಒಂದು ಅಕ್ಷರವೆಂದು ಲೆಕ್ಕ, ಖಾಲಿ ಜಾಗ ಲೆಕ್ಕವಿಲ್ಲ. ಮಾಸ್ಕ್ ಮಾಡಿದ, ಅಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನೇ ಕೊಡಿ.

ಪ್ರೀಮಿಯಂ ಬಗ್ಗೆ: ಖಾಸಗಿ ಕಾರಿಗೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಎ ವಲಯದಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ದೆಹಲಿ, ಕೋಲ್ಕತ್ತ, ಅಹಮದಾಬಾದ್. ಉಳಿದದ್ದೆಲ್ಲ ಬಿ ವಲಯ, ಕೊಡಗೂ ಅದರಲ್ಲೇ. ಇದನ್ನು ನಿರ್ಧರಿಸುವುದು ಗಾಡಿ ನೋಂದಣಿಯಾದ ಆರ್‌ಟಿಒ, ನಿಮ್ಮ ಮನೆ ವಿಳಾಸ ಅಲ್ಲ. ಕೆಎ-05 ಅಂದರೆ ಎ ವಲಯವೇ. ವ್ಯತ್ಯಾಸವೂ ಅಷ್ಟಿಲ್ಲ. 1000 ಸಿಸಿಯೊಳಗಿನ, 5 ವರ್ಷ ದಾಟದ ಕಾರಿಗೆ ಸ್ವಂತ ಹಾನಿಯ (ನಮ್ಮದೇ ಗಾಡಿಗೆ ಆಗುವ ನಷ್ಟದ) ಕವರಿನ ಮೂಲ ದರ ಎ ವಲಯದಲ್ಲಿ ಶೇ 3.127, ಬಿ ವಲಯದಲ್ಲಿ ಶೇ 3.039. 5 ಲಕ್ಷ ಐಡಿವಿಗೆ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಗೆ) 15,635 ಮತ್ತು 15,195, ಅಂದರೆ 440 ರೂಪಾಯಿ. ಅದೂ ಕಂಪನಿ ರಿಯಾಯಿತಿ ಕಳೆಯುವ ಮುಂಚಿನ ಲೆಕ್ಕ. ಥರ್ಡ್ ಪಾರ್ಟಿ ಪ್ರೀಮಿಯಂ ಎರಡೂ ಕಡೆ ಒಂದೇ.

ಕೊನೆಯದಾಗಿ, ಮತ್ತು ನನಗೆ ಇದೇ ಮುಖ್ಯ: ವಿಳಾಸ ಸರಿಯಾಗಲಿ ಅಂತ ಕಾದು ಪಾಲಿಸಿ ದಿನಾಂಕ ತಪ್ಪಿಸಬೇಡಿ. ಒಂದು ವಾರ ಉಳಿದಾಗಲೂ ಹೊಸ ಕಂಪನಿಯ ಕೆವೈಸಿ ಮುಗಿಯದಿದ್ದರೆ ಹಳೇ ಕಂಪನಿಯಲ್ಲೇ ರಿನ್ಯೂ ಮಾಡಿ. ಅಲ್ಲಿ ನಿಮ್ಮ ಕೆವೈಸಿ ಆಗಿದ್ದರೆ ಮತ್ತೆ ಕೇಳುವುದಿಲ್ಲ, ವಿಳಾಸವನ್ನು ಆಮೇಲೆ ಎಂಡಾರ್ಸ್‌ಮೆಂಟ್ (ಚಾಲ್ತಿ ಪಾಲಿಸಿಗೆ ಕಂಪನಿ ಕೊಡುವ ತಿದ್ದುಪಡಿ ಪತ್ರ) ಮೂಲಕ ತಿದ್ದಿಸಬಹುದು. ಪಾಲಿಸಿ ಒಂದು ದಿನ ತಪ್ಪಿದರೂ ಗಾಡಿ ತಪಾಸಣೆ ಆಗದೆ ಸ್ವಂತ ಹಾನಿಯ ಕವರ್ ಸಿಗುವುದಿಲ್ಲ, 90 ದಿನ ದಾಟಿದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪೂರ್ತಿ ಹೋಗುತ್ತದೆ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೊಮ್ಮೆಗೆ 4,000 ದಂಡ, ಜೈಲಿಗೂ ಅವಕಾಶ ಇದೆ. ದಂಡ ಬಿಡಿ, ಆ ನಡುವೆ ಯಾರಿಗಾದರೂ ಗಾಡಿ ತಾಗಿದರೆ ಪರಿಹಾರ ನಿಮ್ಮ ಜೇಬಿನಿಂದಲೇ.

---

ಕೆಎ12_ಫಾರಂ33:

ಆರ್‌ಸಿ ಕಡೆಯದ್ದು ನಾನು ಹೇಳುತ್ತೇನೆ.

ಮೋಟಾರು ವಾಹನ ಕಾಯ್ದೆಯ 49ನೇ ಕಲಂ ಪ್ರಕಾರ ವಾಸ ಬದಲಾದ 30 ದಿನದೊಳಗೆ ಹೊಸ ವಿಳಾಸದ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಬೇಕು. ನಿಮಗೆ ಅದು ಮಡಿಕೇರಿ, ಕೆಎ-12. ಅದಕ್ಕಿರುವ ಅರ್ಜಿ ಫಾರಂ 33. ಒಂದೇ ರಾಜ್ಯದೊಳಗೆ ಆದ್ದರಿಂದ ನಂಬರ್ ಪ್ಲೇಟ್ ಬದಲಾಗುವುದಿಲ್ಲ, ಕೆಎ-05 ಹಾಗೇ ಉಳಿಯುತ್ತದೆ. ರಸ್ತೆ ತೆರಿಗೆಯೂ ಮತ್ತೆ ಕಟ್ಟಬೇಕಿಲ್ಲ.

ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ 5 ಅಕ್ಷರ ಹಾಕಿ ಶುರು ಮಾಡಬೇಕು. ಒಟಿಪಿ ಬರುವುದು ಗಾಡಿ ದಾಖಲೆಯಲ್ಲಿರುವ ಮೊಬೈಲಿಗೆ. ಶೋರೂಮಿನವರು ತಮ್ಮದೇ ನಂಬರ್ ಹಾಕಿಟ್ಟಿರುವ ಗಾಡಿಗಳು ಬೇಕಾದಷ್ಟಿವೆ, ಹಾಗಿದ್ದರೆ ಮೊದಲು ಮೊಬೈಲ್ ನಂಬರ್ ತಿದ್ದಿಸಿ. ಫೀಸ್ ಕಟ್ಟಿ ಪ್ರಿಂಟ್ ತೆಗೆದು ಅಸಲಿ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ, ಪ್ಯಾನ್ ಜತೆ ಕಚೇರಿಗೆ ಕೊಡಿ. ಗಾಡಿ ಮೇಲೆ ಸಾಲ ಇದ್ದರೆ ಫಾರಂ 33ರಲ್ಲಿ ಬ್ಯಾಂಕಿನ ಒಪ್ಪಿಗೆ ಸಹಿ ಬೇಕು, ನಿಮಗೆ ಆ ತೊಂದರೆ ಇಲ್ಲ. ಸಂಚಾರ ದಂಡ ಬಾಕಿ ಇದ್ದರೆ ಮೊದಲೇ ಕಟ್ಟಿಬಿಡಿ.

‘ಚಾಲ್ತಿ ಇನ್ಶೂರೆನ್ಸ್’ ಅನ್ನುವುದನ್ನು ನೋಡಿದಿರಲ್ಲ. ಅದಕ್ಕೇ ಮೊದಲು ಪಾಲಿಸಿ ರಿನ್ಯೂ, ಆಮೇಲೆ ಆರ್‌ಸಿ. ಹಿಂದುಮುಂದು ಮಾಡಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

---

ತೋಟದಮನೆ_ಪೊನ್ನಂಪೇಟೆ:

ಇಬ್ಬರಿಗೂ ಧನ್ಯವಾದ. ಡಿಎಲ್ ಮೇಲೆ ಮಾಡಿಸುತ್ತೇನೆ. ಆಧಾರ್ ಅನ್ನೂ ಊರಿಗೆ ತಂದುಬಿಡೋಣ ಅಂತಿದ್ದೇನೆ. ನನ್ನ ಹೆಸರಿನ ಬಿಲ್ ಯಾವುದೂ ಇಲ್ಲವಲ್ಲ, ಅಮ್ಮನ ಆಧಾರ್ ಇಟ್ಟುಕೊಂಡು ಮಾಡಬಹುದು ಅಂತ ಕೇಳಿದೆ. ಅವರದ್ದರಲ್ಲಿ ವಿರಾಜಪೇಟೆ ತಾಲೂಕು ಅಂತಿದೆ, ಪೋಸ್ಟ್ ಆಫೀಸ್ ಹೆಸರೂ ತಪ್ಪಾಗಿ ಅಚ್ಚಾಗಿದೆ. ಪರವಾಗಿಲ್ಲವೇ? ಮಳೆಗಾಲದಲ್ಲಿ ನಮ್ಮ ಕಡೆ ಟವರ್ ಹೋದರೆ ಒಟಿಪಿಯೂ ಬರುವುದಿಲ್ಲ.

---

ಅರ್ಜಿಕೌಂಟರ್_ಗೋಣಿಕೊಪ್ಪ:

ಅಮ್ಮನ ಆಧಾರ್ ಮೇಲೆ ಮಾಡಬಹುದು. ಅದಕ್ಕೆ ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ ವಿಳಾಸ ಬದಲಾವಣೆ ಅನ್ನುತ್ತಾರೆ. ಮೈಆಧಾರ್ ತಾಣದಲ್ಲಿ ನೀವು ಲಾಗಿನ್ ಆಗಿ ಅಮ್ಮನ ಆಧಾರ್ ನಂಬರ್ ಹಾಕಿ, ಸಂಬಂಧದ ದಾಖಲೆಗೆ ಇಬ್ಬರ ಹೆಸರೂ ಇರುವ ರೇಷನ್ ಕಾರ್ಡೋ ಪಾಸ್‌ಪೋರ್ಟೋ ಹಾಕಬೇಕು. ಯಾವುದೂ ಇಲ್ಲದಿದ್ದರೆ ಅವರದೇ ನಮೂನೆಯ ಸ್ವಯಂ ಘೋಷಣೆ ಸಾಕು. 75 ರೂಪಾಯಿ ಶುಲ್ಕ. ಆಮೇಲೆ ಅಮ್ಮನ ಮೊಬೈಲಿಗೆ ಸಂದೇಶ ಹೋಗುತ್ತದೆ, ಅವರು ತಮ್ಮ ಲಾಗಿನ್‌ನಲ್ಲಿ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅರ್ಜಿ ತಾನಾಗೇ ಮುಚ್ಚುತ್ತದೆ, ಶುಲ್ಕ ವಾಪಸ್ ಇಲ್ಲ. ಎಸ್ಸೆಮ್ಮೆಸ್ ಬಂದದ್ದನ್ನು ಮನೆಯಲ್ಲಿ ದೊಡ್ಡವರು ನೋಡುವುದೇ ಇಲ್ಲ, ಅದಕ್ಕೆ ಅರ್ಜಿ ಹಾಕಿದ ಕೂಡಲೇ ಅಲ್ಲೇ ಕೂತು ಅವರ ಒಪ್ಪಿಗೆಯನ್ನೂ ಮುಗಿಸಿಬಿಡಿ.

ಆದರೆ ಈ ದಾರಿಯಲ್ಲಿ ಅಮ್ಮನ ವಿಳಾಸ ಇದ್ದದ್ದು ಇದ್ದ ಹಾಗೆ ನಿಮ್ಮದಕ್ಕೆ ನಕಲಾಗುತ್ತದೆ. ಒಂದಕ್ಷರ ತಿದ್ದಲು ಆಗುವುದಿಲ್ಲ. ಪೋಸ್ಟ್ ಆಫೀಸ್ ಹೆಸರು ತಪ್ಪಿದ್ದರೆ ಆ ತಪ್ಪೂ ಬರುತ್ತದೆ. ಆದ್ದರಿಂದ ಮೊದಲು ಅಮ್ಮನದನ್ನು ಸರಿಮಾಡಿಸಿ, ಅದು ಅಪ್‌ಡೇಟ್ ಆದ ಮೇಲೆ ನಿಮ್ಮದು ಹಾಕಿ. ತಾಲೂಕಿನ ಹೆಸರಿಗೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕೊಡಗಿನಲ್ಲಿ ಮೊದಲಿದ್ದದ್ದು ಮೂರು ತಾಲೂಕು, ಈಗ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು. ಪೊನ್ನಂಪೇಟೆ ಕಡೆಯವರ ಹಳೇ ದಾಖಲೆಗಳಲ್ಲಿ ವಿರಾಜಪೇಟೆ, ಕುಶಾಲನಗರ ಕಡೆಯವರದರಲ್ಲಿ ಸೋಮವಾರಪೇಟೆ ಅಂತ ಇರುವುದು ಸಹಜ. ಇನ್ಶೂರೆನ್ಸ್‌ನವರು ನೋಡುವುದು ಊರು, ಪೋಸ್ಟ್, ಜಿಲ್ಲೆ, ಪಿನ್‌ಕೋಡ್. ಪಿನ್ ತಪ್ಪಿದರೆ ಮಾತ್ರ ಕಷ್ಟ: ಪೊನ್ನಂಪೇಟೆಗೆ 571216, ಗೋಣಿಕೊಪ್ಪಕ್ಕೆ 571213, ವಿರಾಜಪೇಟೆಗೆ 571218. ಪೇಟೆಗೆ ಹತ್ತಿರ ಇದ್ದೀರಿ ಅಂತ ಪೇಟೆಯ ಪಿನ್ ಹಾಕಬೇಡಿ, ನಿಮ್ಮ ಮನೆಗೆ ಟಪಾಲು ಯಾವ ಅಂಚೆ ಕಚೇರಿಯಿಂದ ಬರುತ್ತದೋ ಅದರದ್ದು ಹಾಕಿ.

ಮನೆ ನಂಬರ್ ಇಲ್ಲದವರು ಬರೆಯುವ ಕ್ರಮ: ಮನೆ ನಂಬರ್ ಅಥವಾ ಕಟ್ಟಡದ ಕಾಲಂನಲ್ಲಿ ಮನೆ ಹೆಸರು ಅಥವಾ ತೋಟದ ಹೆಸರು. ರಸ್ತೆ ಕಾಲಂ ಖಾಲಿ ಬಿಡಬಹುದು. ಗುರುತಿನ ಕಾಲಂನಲ್ಲಿ ಶಾಲೆ, ದೇವಸ್ಥಾನ, ಅಂಗನವಾಡಿ ಏನಾದರೂ. ಆಮೇಲೆ ಗ್ರಾಮ, ಅಂಚೆ. ಫಾರಂ ‘ನಂಬರ್ ಕಡ್ಡಾಯ’ ಅಂತ ಹಟ ಹಿಡಿದರೆ ಸುಮ್ಮನೆ 1 ಅಂತ ಹಾಕಬೇಡಿ, ಪಂಚಾಯ್ತಿಯ ಕಂದಾಯ ರಶೀದಿಯಲ್ಲಿ ಆಸ್ತಿ ಸಂಖ್ಯೆ ಇರುತ್ತದೆ, ಅದನ್ನು ಹಾಕಿ. ಒಂದು ಕಡೆ ಹೇಗೆ ಬರೆದಿರೋ ಎಲ್ಲ ಕಡೆಯೂ ಅದೇ ಅಕ್ಷರ ಇರಲಿ. ವಿರಾಜಪೇಟೆಯನ್ನು ಇಂಗ್ಲಿಷಿನಲ್ಲಿ ಮೂರು ಥರ, ಗೋಣಿಕೊಪ್ಪವನ್ನು ‘ಲ್’ ಸೇರಿಸಿ ಸೇರಿಸದೆ ಎರಡು ಥರ ಬರೆಯುವವರಿದ್ದಾರೆ. ಅಂಚೆಯವರಿಗೆ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ದುಡ್ಡಿಲ್ಲದೆ ಆಗುವ ಇನ್ನೊಂದು ದಾರಿ ವೋಟರ್ ಕಾರ್ಡ್. ವಾಸ ಬದಲಾಗಿದೆ ಅಂತ ಫಾರಂ 8 ಹಾಕಿದರೆ ಬೂತ್ ಮಟ್ಟದ ಅಧಿಕಾರಿ ವಿಚಾರಿಸುತ್ತಾರೆ, ಆಮೇಲೆ ಹೊಸ ವಿಳಾಸದ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಇನ್ಶೂರೆನ್ಸ್‌ಗೆ ಅದು ಆಧಾರ್‌ನಷ್ಟೇ ತೂಕದ ದಾಖಲೆ. ಹೇಗೂ ಇಲ್ಲೇ ನೆಲೆಸುವುದಾದರೆ ಓಟೂ ಇಲ್ಲೇ ಇರಲಿ.

2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಜಂಬೂರು, ಕರ್ಣಂಗೇರಿ ಕಡೆಯ ಹೊಸ ಮನೆಗಳಿಗೆ ಬಂದವರಲ್ಲಿ ಆಧಾರ್ ಇನ್ನೂ ಹಳೇ ಊರಿನದೇ ಇದ್ದರೆ ಅವರೂ ಇದನ್ನೇ ಮಾಡಬೇಕು. ಸರ್ಕಾರ ಮನೆ ಕೊಟ್ಟ ಪತ್ರವನ್ನು ಇನ್ಶೂರೆನ್ಸ್‌ಗೆ ವಿಳಾಸದ ಪ್ರೂಫ್ ಅಂತ ಕೊಟ್ಟರೆ ನಡೆಯುವುದಿಲ್ಲ, ಪಟ್ಟಿಯಲ್ಲಿರುವ ‘ವಸತಿ ಹಂಚಿಕೆ ಪತ್ರ’ ಅಂದರೆ ಕೆಲಸ ಕೊಟ್ಟವರು ನೌಕರರಿಗೆ ಕೊಟ್ಟದ್ದು. ತೋಟದ ಲೈನ್ ಮನೆಯಲ್ಲಿರುವ (ಕೆಲಸಗಾರರ ಸಾಲು ಮನೆಯಲ್ಲಿರುವ) ಚಾಲಕರಿಗೂ ಮಾಲೀಕರು ಬರೆದುಕೊಟ್ಟ ಚೀಟಿ ಸಾಲದು, ತೋಟ ಷೇರುಪೇಟೆಯಲ್ಲಿರುವ ಕಂಪನಿಯದ್ದಾದರೆ ಮಾತ್ರ ಆ ಪತ್ರ ನಡೆಯುತ್ತದೆ. ಇಲ್ಲದಿದ್ದರೆ ಪಂಚಾಯ್ತಿಯ ಜಾಬ್ ಕಾರ್ಡ್ ಅಥವಾ ವೋಟರ್ ಕಾರ್ಡ್.

ಒಟಿಪಿಗೆ 10 ನಿಮಿಷದ ಗಡುವು. ಸಿಗ್ನಲ್ ಇರುವ ಜಾಗಕ್ಕೆ ಓಡಿಹೋಗಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಒಟಿಪಿ ಬರುವ ಮೊಬೈಲನ್ನೂ ಅಪ್‌ಲೋಡ್ ಮಾಡುವ ಫೈಲುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಪೇಟೆಯಲ್ಲಿ ಕೂತು ಮಾಡಿ. ಆಧಾರ್‌ಗೆ ಹಳೇ ನಂಬರ್ ಜೋಡಿಸಿದ್ದರೆ ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರ್ ಬದಲಿಸಿಕೊಡುವ ಸೇವೆ ಇದೆ, ನಿಮ್ಮ ಅಂಚೆ ಕಚೇರಿಯಲ್ಲಿ ಕೇಳಿ.

---

ಕ್ಲೇಮ್_ಫೈಲು:

ಮೂರನೇ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಆರ್‌ಸಿ ವಿಳಾಸವೂ ಪಾಲಿಸಿ ವಿಳಾಸವೂ ಬೇರೆ ಇದೆ ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕಾರ ಆಗುವುದಿಲ್ಲ. ಸರ್ವೇಯರ್, ಅಂದರೆ ನಷ್ಟ ಅಂದಾಜು ಮಾಡಲು ಬರುವವರು, ತಾಳೆ ನೋಡುವುದು ಗಾಡಿ ನಂಬರ್, ಚಾಸಿ ನಂಬರ್, ಎಂಜಿನ್ ನಂಬರ್, ಮಾಲೀಕರ ಹೆಸರು, ಓಡಿಸುತ್ತಿದ್ದವರ ಲೈಸೆನ್ಸ್, ಅವಘಡದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಅನ್ನುವುದು. ಗಾಡಿ ಮೈಸೂರಿನ ಗ್ಯಾರೇಜಿಗೆ ಹೋದರೂ ವಿಳಾಸಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾಲೀಕರ ಹೆಸರೇ ಬೇರೆ ಇದ್ದರೆ ಅದು ವಿಳಾಸದ ಮಾತಲ್ಲ, ನಿಜವಾದ ತೊಂದರೆ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಂಪನಿಗೆ ಅರ್ಜಿ ಕೊಡಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜತೆ ಹೋಗುತ್ತದೆ, ಗಾಡಿ ಜತೆ ಬರುವುದಿಲ್ಲ.

ಹಾಗಾದರೆ ಆರ್‌ಸಿ ವಿಳಾಸ ಯಾಕೆ ತಿದ್ದಿಸಬೇಕು? ನೋಟಿಸಿಗಾಗಿ. ನಿಮ್ಮ ಕಾರಿನಿಂದ ಯಾರಿಗಾದರೂ ಪೆಟ್ಟಾಗಿ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದರೆ ಮಾಲೀಕರಿಗೆ ನೋಟಿಸ್ ಹೋಗುವುದು ಆರ್‌ಸಿಯ ವಿಳಾಸಕ್ಕೆ. ಬೆಂಗಳೂರಿನ ಆ ಬಾಡಿಗೆ ಮನೆಯಲ್ಲಿ ಈಗ ಬೇರೆ ಯಾರೋ ಇರುತ್ತಾರೆ. ನೀವು ಹಾಜರಾಗದೆ ಕೇಸು ಏಕಪಕ್ಷೀಯವಾಗಿ ಮುಂದೆ ಹೋಗುತ್ತದೆ. ಲೈಸೆನ್ಸಿನಲ್ಲೋ ಪಾಲಿಸಿಯ ಷರತ್ತಿನಲ್ಲೋ ಏನಾದರೂ ಉಲ್ಲಂಘನೆ ಆಗಿದೆ ಅಂತ ಕಂಪನಿ ವಾದಿಸಿದರೆ, ಮೊದಲು ಕಂಪನಿ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಅನ್ನುವ ಆದೇಶ ಬರಬಹುದು. ನಿಮ್ಮ ಪರ ಹೇಳಲು ಅಲ್ಲಿ ನೀವೇ ಇರುವುದಿಲ್ಲ. ಫಾರಂ 33ಕ್ಕೆ ಹಿಡಿಯುವ ಒಂದು ದಿನದ ಓಡಾಟ ಇದರ ಮುಂದೆ ಏನೂ ಅಲ್ಲ.

ಎಂಡಾರ್ಸ್‌ಮೆಂಟ್ ಮಾಡಿಸುವಾಗ ಫೋನಿನಲ್ಲಿ ಹೇಳಿ ಬಿಡಬೇಡಿ. ಪಾಲಿಸಿಯಲ್ಲಿ ನೋಂದಾಯಿಸಿದ ಇಮೇಲ್‌ನಿಂದಲೇ ಪಾಲಿಸಿ ನಂಬರ್, ಹಳೇ ವಿಳಾಸ, ಹೊಸ ವಿಳಾಸ, ಯಾವ ದಿನಾಂಕದಿಂದ ಅನ್ನುವುದನ್ನು ಬರೆದು ಡಿಎಲ್ ಪ್ರತಿ ಲಗತ್ತಿಸಿ. ವಾಪಸ್ ಬರುವ ಎಂಡಾರ್ಸ್‌ಮೆಂಟ್ ಪತ್ರಕ್ಕೆ ಅದರದೇ ನಂಬರ್ ಇರುತ್ತದೆ. ‘ನಿಮ್ಮ ವಿಳಾಸ ಬದಲಿಸಲಾಗಿದೆ’ ಅನ್ನುವ ಎಸ್ಸೆಮ್ಮೆಸ್ ಸಾಲದು, ಆ ಪತ್ರವನ್ನೇ ಕೇಳಿ ಪಡೆದು ಪಾಲಿಸಿ ಜತೆ ಇಡಿ.

---

ಮಾಕುಟ್ಟ_ರಸ್ತೆ:

ಇದಕ್ಕೇ ಸೇರಿದ ಪ್ರಶ್ನೆ. ಕೆಎಲ್-13 ಗಾಡಿ, ಆರ್‌ಸಿ ಕಣ್ಣೂರು ವಿಳಾಸ, ಮಾಲೀಕರು ಈಗ ವಿರಾಜಪೇಟೆಯಲ್ಲಿ. ಪಾಲಿಸಿಗೆ ವಿರಾಜಪೇಟೆ ವಿಳಾಸ ಕೊಡಬಹುದೇ?

---

ಕೆಎ12_ಫಾರಂ33:

ಕೊಡಬಹುದು, ವಿಳಾಸದ ಪ್ರೂಫ್ ಇದ್ದರೆ ಸಾಕು. ಆದರೆ ಇಲ್ಲಿ ಫಾರಂ 33 ನಡೆಯುವುದಿಲ್ಲ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ 47ನೇ ಕಲಂ ಪ್ರಕಾರ ಹೊಸ ನಂಬರ್ ತೆಗೆದುಕೊಳ್ಳಬೇಕು. ಕಣ್ಣೂರು ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಇಲ್ಲಿ ಹೊಸ ನಂಬರಿಗೆ ಅರ್ಜಿಯಾದ ಫಾರಂ 27, ಗಾಡಿಯ ವಯಸ್ಸಿಗೆ ತಕ್ಕ ಕರ್ನಾಟಕದ ತೆರಿಗೆ. ಕೆಎ-12 ನಂಬರ್ ಬಂದ ಕೂಡಲೇ ಪಾಲಿಸಿಯಲ್ಲಿ ನಂಬರ್ ಬದಲಿಸಲು ಎಂಡಾರ್ಸ್‌ಮೆಂಟ್. ವಿಳಾಸ ತಡವಾದರೂ ನಡೆದೀತು, ಗಾಡಿ ನಂಬರ್ ಬದಲಾದದ್ದನ್ನು ಮಾತ್ರ ಒಂದು ದಿನವೂ ತಡಮಾಡಬೇಡಿ.

---

ಪಾಲಿಸಿ_ಮೇಜು_ವಿರಾಜಪೇಟೆ:

ಎರಡು ಮಾತು ಬಿಟ್ಟುಹೋಗಿತ್ತು.

ಸಿಕೆವೈಸಿಯಲ್ಲಿರುವ ಹಳೇ ವಿಳಾಸವನ್ನು ಬುಡದಿಂದಲೇ ಸರಿಮಾಡಿಸಿ, ಇಲ್ಲವಾದರೆ ಮುಂದಿನ ವರ್ಷ ಮತ್ತೆ ಅದೇ ಬರುತ್ತದೆ. ಸುಲಭದ ದಾರಿ ನಿಮ್ಮ ಬ್ಯಾಂಕು. ವಿಳಾಸ ಮಾತ್ರ ಬದಲಾಗಿದ್ದರೆ ಬ್ಯಾಂಕ್ ಸ್ವಯಂ ಘೋಷಣೆ ತೆಗೆದುಕೊಂಡು ಎರಡು ತಿಂಗಳೊಳಗೆ ಪತ್ರ ಕಳಿಸಿಯೋ ಬೇರೆ ರೀತಿಯಲ್ಲೋ ಖಚಿತಪಡಿಸಿಕೊಳ್ಳುತ್ತದೆ. ಅವರ ಬಳಿ ಹೊಸ ವಿವರ ಬಂದ 7 ದಿನದೊಳಗೆ ಕೇಂದ್ರ ದಾಖಲೆಗೆ ಕಳಿಸಬೇಕು ಅಂತ 2024ರಿಂದ ನಿಯಮ ಇದೆ. ‘ಬ್ಯಾಂಕಿನ ವಿಳಾಸ ಬದಲಿಸಿ’ ಅಂತ ಮಾತ್ರ ಹೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಬಹುದು. ‘ಸಿಕೆವೈಸಿಗೂ ಅಪ್‌ಡೇಟ್ ಮಾಡಿ’ ಅಂತ ಅರ್ಜಿಯಲ್ಲೇ ಬರೆಯಿರಿ.

ಸರಿಯಾದ ಡಿಎಲ್ ಕೊಟ್ಟರೂ ಕಂಪನಿ ಒಪ್ಪದಿದ್ದರೆ ಮೊದಲು ಅವರದೇ ದೂರು ಅಧಿಕಾರಿಗೆ ಬರೆಯಿರಿ. ಎರಡು ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಯಾವ ದಾಖಲೆ ಕೊಟ್ಟಿರಿ, ಯಾವ ದಿನ, ತಿರಸ್ಕರಿಸಿದ ಸಂದೇಶದಲ್ಲಿ ಬರೆದ ಕಾರಣ ಏನು, ಈ ಮೂರರ ಸ್ಕ್ರೀನ್‌ಶಾಟ್ ಮೊದಲ ದಿನದಿಂದಲೇ ತೆಗೆದಿಡಿ. ಆನ್‌ಲೈನ್ ಅರ್ಜಿಯ ಪುಟ ಮುಚ್ಚಿದ ಮೇಲೆ ಆ ಕಾರಣ ಮತ್ತೆ ಕಾಣಿಸುವುದಿಲ್ಲ.